ಮಹಾಮಾರಿ ಬಂದು ಹೋದ ಮೇಲೆ ಊರು, ನೆರೆಕರೆ, ವೋಟು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. 2020ರಲ್ಲಿ ನಮ್ಮ ಪಂಚಾಯತಿನ ಕೊರೊನಾ ಟಾಸ್ಕ್ ಫೋರ್ಸಿನಲ್ಲೂ ಇದ್ದೆ. ದೊಡ್ಡ ಹೆಸರು, ಕೆಲಸ ಮಾತ್ರ ಕ್ವಾರಂಟೈನ್ ಹಾಸ್ಟೆಲಿನ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂರುವುದು. ಈ ಎರಡು ಕಾರಣಕ್ಕೆ ಜನ ನನ್ನನ್ನು ಹಿಡಿದು ಕೇಳುತ್ತಾರೆ, ಕ್ಲಾಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ. ಕೆಲವರು ಬರೆದು ಕಳಿಸುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಮೊದಲಿನಿಂದ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಮೊದಲಿಗೆ

ರೋಗಕ್ಕೂ ರಾಜಕೀಯಕ್ಕೂ ಏನು ಸಂಬಂಧ ಮಾರಾಯ್ರೆ? ಅದು ಡಾಕ್ಟರ ಕೆಲಸ ಅಲ್ವಾ?

ಮದ್ದು ಕೊಡುವುದು ಡಾಕ್ಟರ ಕೆಲಸ. ಆದರೆ ಯಾವ ಅಂಗಡಿ ತೆರೆದಿರಬೇಕು, ಯಾರು ಕೆಲಸಕ್ಕೆ ಹೋಗಬಹುದು, ಮದುವೆಗೆ ಎಷ್ಟು ಜನ ಸೇರಬಹುದು, ಯಾವ ರಸ್ತೆ ಬಂದ್ ಅಂತ ತೀರ್ಮಾನ ಮಾಡುವವರು ಡಾಕ್ಟರಲ್ಲ.

ಕರ್ನಾಟಕ-ಕೇರಳ ಗಡಿಯ ತಲಪಾಡಿಯನ್ನೇ ನೋಡಿ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಆ ದಾರಿ ಬದಲಾಗಿರಲಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸ್ ಬಂದು ನಿಂತು ವಾಪಸ್ ಹೋಯಿತು. ಕೆಲವರು ಆಸ್ಪತ್ರೆ ಸೇರದೆ ತೀರಿಕೊಂಡರು, ಅವರಲ್ಲಿ ಕೊರೊನಾ ಇಲ್ಲದವರೂ ಇದ್ದರು. ಕೇರಳ ಹೈಕೋರ್ಟ್ ರಸ್ತೆ ತೆರೆಸಿ ಅಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡಲು ಒಪ್ಪಂದ ಆಯಿತು. ಹೀಗೆ ತೀರಿಹೋದವರನ್ನು ಕೊಂದದ್ದು ವೈರಸ್ಸಾ, ಆ ಮಣ್ಣಿನ ರಾಶಿಯಾ? ಈ ಪ್ರಶ್ನೆ ಕೇಳಿದ ಕೂಡಲೇ ನೀವು ರಾಜಕೀಯಕ್ಕೆ ಬಂದಿರಿ.

ಸಾಂಕ್ರಾಮಿಕ ರೋಗ ಬೇರೆ, ಮಹಾಮಾರಿ ಬೇರೆಯಾ?

ಹರಡುವ ರೋಗಗಳೆಲ್ಲ ಸಾಂಕ್ರಾಮಿಕ. ಅದು ದೇಶ ದೇಶಗಳನ್ನು ದಾಟಿ ಜಗತ್ತಿನ ತುಂಬ ಹಬ್ಬಿದರೆ ಮಹಾಮಾರಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಗೊತ್ತಾಯಿತು. ಇವತ್ತಿಗೂ ಅದು ಮಲೆನಾಡು ಮತ್ತು ಸುತ್ತಮುತ್ತಲ ಕಾಡಂಚಿನ ರೋಗ. ಕೊರೊನಾವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಮಹಾಮಾರಿ ಅಂತ ಕರೆಯಿತು. ಅಷ್ಟೇ ವ್ಯತ್ಯಾಸ.

ಅಜ್ಜ ಅಜ್ಜಿಯ ಕಾಲದಲ್ಲಿ ಇಂಥದ್ದು ಬಂದಿತ್ತಾ? ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಬಂದಿತ್ತು, ಇದಕ್ಕಿಂತ ಭಯಂಕರವಾಗಿ. 1918ರ ಇನ್‌ಫ್ಲುಯೆಂಜಾ ಬೊಂಬಾಯಿ ಬಂದರಿನಿಂದ ಒಳಗೆ ಬಂತು. ಭಾರತದಲ್ಲಿ ಸತ್ತವರ ಅಂದಾಜು ಕಮ್ಮಿ ಅಂದರೂ 1.2 ಕೋಟಿ. 1911ರಿಂದ 1921ರವರೆಗಿನ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಸ್ವಲ್ಪ ಇಳಿಯಿತು. ಜನಗಣತಿ ಶುರುವಾದ ಮೇಲೆ ಹಾಗೆ ಇಳಿದದ್ದು ಆ ಒಂದೇ ಸಲ.

ಇಷ್ಟಾದರೂ ನೆನಪಿಲ್ಲ. ಯುದ್ಧಕ್ಕೆ ಸ್ಮಾರಕ ಕಟ್ಟುತ್ತಾರೆ, ಜ್ವರಕ್ಕೆ ಯಾರೂ ಕಟ್ಟುವುದಿಲ್ಲ. ಆದರೆ ಆಚರಣೆಗಳು ಒಳಗಿಂದೊಳಗೆ ನೆನಪಿಟ್ಟುಕೊಂಡಿವೆ ಅಂತ ನನಗೆ ಅನಿಸುತ್ತದೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಬೆಳಗ್ಗೆದ್ದು ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುತ್ತೇವೆ. ಆಟಿ ಕಳೆಂಜ ಅನ್ನುವ ವೇಷದವನು ಮನೆ ಮನೆಗೆ ಬಂದು ಊರಿನ ಮಾರಿ ಕಳೆಯುತ್ತಾನೆ. ಮಾರಿಯನ್ನು ಊರಿನ ಗಡಿ ದಾಟಿಸಿ ಬಿಡುವುದು ನಮ್ಮಲ್ಲಿ ಹಳೇ ಪದ್ಧತಿ. ಗಡಿಯ ಆಚೆಯೂ ಒಂದು ಊರು ಉಂಟಲ್ಲ, ಅವರ ಗತಿ ಏನು ಅಂತ ಸಣ್ಣವನಿರುವಾಗ ಕೇಳಿ ಬೈಸಿಕೊಂಡಿದ್ದೆ.

ಕೊರೊನಾದಿಂದ ಜಗತ್ತೇ ಬದಲಾಗುತ್ತದೆ ಅಂದ್ರಲ್ಲ. ಏನೂ ಬದಲಾಗಿಲ್ಲ ಅಲ್ವಾ?

ಎರಡೂ ಮಾತು ಅರ್ಧ ಸರಿ. 50 ಜನರಲ್ಲಿ ಮದುವೆ ಮುಗಿಸಿದವರು "ಇನ್ನು ಹೀಗೇ ಸಾಕು, ಸಾಲ ಇಲ್ಲ, ತಲೆಬಿಸಿ ಇಲ್ಲ" ಅಂದಿದ್ದರು. ಈಗ ನೋಡಿ, ಮೆಹೆಂದಿಗೇ 500 ಎಲೆ ಬೀಳುತ್ತದೆ. ನಾಗಮಂಡಲ, ಕಂಬಳ, ಬಯಲಾಟ ಎಲ್ಲ ಮೊದಲಿನ ಹಾಗೆ, ಕೆಲವು ಕಡೆ ಮೊದಲಿಗಿಂತ ಜೋರು.

ಬದಲಾದದ್ದೂ ಉಂಟು. ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ತರಕಾರಿ ಹೋಲ್‌ಸೇಲನ್ನು 2020ರ ಏಪ್ರಿಲ್‌ನಲ್ಲಿ ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಸಾಗಿಸಿದರು. ಗುಂಪು ಸೇರಬಾರದು ಅನ್ನುವುದು ಕಾರಣ. ಕೊರೊನಾ ಹೋಯಿತು, ಮಾರ್ಕೆಟ್ ಮಾತ್ರ ಮೊದಲಿನ ಸ್ಥಿತಿಗೆ ಬರಲಿಲ್ಲ, ವ್ಯಾಪಾರಿಗಳ ಜಗಳ ಹೈಕೋರ್ಟಿನ ತನಕ ಹೋಯಿತು. ಯಾಕೆ ಹೀಗೆ ಅಂದರೆ, ಆ ಜಾಗದಲ್ಲಿ ಹೊಸ ಕಟ್ಟಡ ಬರಬೇಕು ಅನ್ನುವ ಯೋಚನೆ ಮೊದಲೇ ಇತ್ತು. ಸಣ್ಣ ಮದುವೆಯನ್ನು ಉಳಿಸಿಕೊಳ್ಳಬೇಕು ಅಂತ ಹಠ ಹಿಡಿದವರು ಯಾರೂ ಇರಲಿಲ್ಲ, ಹಾಲ್‌ನವರಿಗೂ ಅಡುಗೆಯವರಿಗೂ ಬೇಕಾಗಿಯೂ ಇರಲಿಲ್ಲ. ಮಹಾಮಾರಿಯಲ್ಲಿ ಬಂದ ಬದಲಾವಣೆಗಳಲ್ಲಿ ಯಾವುದು ಉಳಿಯುತ್ತದೆ ಅಂತ ನನ್ನನ್ನು ಕೇಳಿದರೆ, ಅದು ಉಳಿಯಬೇಕು ಅಂತ ಯಾರಿಗೆ ಗರಜು ಉಂಟು ಅಂತ ಮೊದಲು ನೋಡುತ್ತೇನೆ.

## ಮನೆ, ನೆರೆಕರೆ

ಬೊಂಬಾಯಿಯಿಂದ ಬಂದ ಸ್ವಂತ ತಮ್ಮನನ್ನೇ ಮನೆಗೆ ಸೇರಿಸದಷ್ಟು ಜನ ಯಾಕೆ ಕೆಟ್ಟು ಹೋದರು?

ಇದು ಅತಿ ಹೆಚ್ಚು ಸಲ ಬಂದ ಪ್ರಶ್ನೆ. ಕೇಳುವವರ ಧ್ವನಿ ನೋಡಿದರೆ ಎಷ್ಟೋ ಸಲ ಅದು ಅವರ ಮನೆಯದ್ದೇ ಕತೆ.

ಹಿನ್ನೆಲೆ ಇಷ್ಟು. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಉಡುಪಿ ಜಿಲ್ಲೆಯಲ್ಲಿ ಹೊಸ ಕೇಸ್ ಇರಲಿಲ್ಲ. ನಾವೆಲ್ಲ ಗ್ರೀನ್ ಝೋನ್ ಅಂತ ಬೀಗುತ್ತಿದ್ದೆವು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ನಮ್ಮವರು ಬರತೊಡಗಿದರು. ಕುಂದಾಪುರ, ಬೈಂದೂರು, ಕಾರ್ಕಳ ಕಡೆಯ ಎಷ್ಟು ಮನೆಗಳ ಒಲೆ ಬೊಂಬಾಯಿಯ ಹೋಟೆಲ್ ಕ್ಯಾಂಟೀನುಗಳಿಂದ ಉರಿಯುತ್ತದೆ ಅಂತ ಹೇಳಬೇಕಾಗಿಲ್ಲ. ಜೂನ್ ಶುರುವಿಗೆ ಉಡುಪಿ ರಾಜ್ಯದಲ್ಲೇ ಜಾಸ್ತಿ ಕೇಸುಗಳ ಜಿಲ್ಲೆಗಳಲ್ಲಿ ಒಂದು.

ನಾನು ರಿಜಿಸ್ಟರ್ ಹಿಡಿದು ಕೂತಿದ್ದ ಹಾಸ್ಟೆಲಿನಲ್ಲಿ ಅಂಧೇರಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುತ್ತಿದ್ದ ಒಬ್ಬರಿದ್ದರು. ಕ್ವಾರಂಟೈನ್ ಮುಗಿಯಿತು, ರಿಪೋರ್ಟ್ ನೆಗೆಟಿವ್. ಅಣ್ಣ ಕರೆದುಕೊಂಡು ಹೋಗಲು ಬಂದವರು ಗೇಟಿನ ಒಳಗೆ ಬರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತರು. ಅಲ್ಲಿಂದಲೇ ಕೂಗಿ ಹೇಳಿದರು, "ರಿಪೋರ್ಟ್ ನೀನೇ ಇಟ್ಟುಕೋ. ಮನೆಯಲ್ಲಿ ಬಾವಿ ಒಂದೇ ಇರುವುದು." ಇವರು ಏನೂ ಹೇಳಲಿಲ್ಲ. ಬ್ಯಾಗಿನ ಝಿಪ್ ತೆಗೆಯುವುದು, ಹಾಕುವುದು, ತೆಗೆಯುವುದು. ಆ ಬಾವಿಗೆ ರಿಂಗ್ ಹಾಕಿಸಿದ್ದು ತನ್ನ ದುಡ್ಡಿನಲ್ಲಿ ಅಂತ ಆಮೇಲೆ ನನಗೆ ಹೇಳಿದರು.

ಅಣ್ಣನನ್ನು ಬೈಯುವುದು ಸುಲಭ. ಆದರೆ ಅವರ ಲೆಕ್ಕವನ್ನೂ ಕೇಳಿ. ತಮ್ಮ ಮನೆಗೆ ಬಂದ ಅಂತ ಸುದ್ದಿಯಾದರೆ ಡೈರಿಯಲ್ಲಿ ಅವರ ಹಾಲು ತೆಗೆದುಕೊಳ್ಳುವುದಿಲ್ಲ, ಮನೆ ಮುಂದೆ ಟೇಪ್ ಕಟ್ಟುತ್ತಾರೆ, ಕೆಲಸದವರು ತೋಟಕ್ಕೆ ಬರುವುದಿಲ್ಲ. ರೋಗಕ್ಕಿಂತ ನೆರೆಕರೆಯವರ ಹೆದರಿಕೆ ದೊಡ್ಡದಿತ್ತು. ಸರಕಾರ ಮನೆಗೆ ಕಳಿಸಿತು, ಆದರೆ ಆ ಹದಿನೈದು ದಿನದ ಹಾಲಿನ ದುಡ್ಡು ಕೊಡುತ್ತೇನೆ ಅಂತ ಹೇಳಲಿಲ್ಲ. ಕೊನೆಗೆ ಇವರು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಳಿದರು, ಅಮ್ಮ ಹೊಸ್ತಿಲಲ್ಲಿ ಗಂಜಿ ಇಟ್ಟು ಹೋಗುತ್ತಿದ್ದರು. ಮರು ವರ್ಷ ಆ ಮನೆ ಪಾಲಾಯಿತು.

ಹೀಗೆ ಪಾಲಾದ ಮನೆಗಳು ನನಗೆ ಗೊತ್ತಿರುವಷ್ಟೇ ನಾಲ್ಕು. ಸಾಮಾಜಿಕ ಬದಲಾವಣೆ ಅಂದರೆ ನಾವು ಯಾವುದೋ ದೊಡ್ಡದನ್ನು ನೆನೆಸಿಕೊಳ್ಳುತ್ತೇವೆ. ನಮ್ಮ ಕಡೆ ಅದು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತಿತ್ತು.

ರೋಗ ಬಂದಾಗಲೆಲ್ಲ ಒಂದು ಸಮುದಾಯದ ಮೇಲೆ ಗೂಬೆ ಕೂರಿಸುವುದು ಯಾಕೆ?

ಕಣ್ಣಿಗೆ ಕಾಣದ್ದನ್ನು ಬೈಯಲು ಆಗುವುದಿಲ್ಲ, ಅದಕ್ಕೆ ಒಂದು ಮುಖ ಬೇಕು. ಆ ಮುಖ ಹೊಸದಾಗಿ ಹುಟ್ಟುವುದೂ ಇಲ್ಲ, ಮೊದಲೇ ಯಾರ ಮೇಲೆ ಅನುಮಾನ ಇತ್ತೋ ಅವರದ್ದೇ ಆಗಿರುತ್ತದೆ. ಯುರೋಪಿನ ಕರಿ ಪ್ಲೇಗಿನ ಕಾಲದಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದರು ಅಂತ ಹಬ್ಬಿಸಿ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಊರಿನಲ್ಲಿ ನೂರಾರು ಜನರನ್ನು ಸುಟ್ಟರು. ಅವರೂ ಪ್ಲೇಗಿನಿಂದ ಸಾಯುತ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ ಹಿಂದಿನ ವರ್ಷವೇ ಹೇಳಿದ್ದರು. ಯಾರು ಕೇಳುತ್ತಾರೆ?

2020ರಲ್ಲಿ ದೆಹಲಿಯ ನಿಜಾಮುದ್ದೀನಿನಲ್ಲಿ ತಬ್ಲೀಗಿ ಅನ್ನುವ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಯ ಸುದ್ದಿ ಬಂದ ಮೇಲೆ ನಮ್ಮ ಕರಾವಳಿಯಲ್ಲೂ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನನ್ನ ಫೋನಿಗೇ ದಿನಕ್ಕೆ ಐದಾರು ವಿಡಿಯೋ ಬರುತ್ತಿತ್ತು, ಹಣ್ಣಿನವನಿಂದ ತೆಗೆದುಕೊಳ್ಳಬೇಡಿ ಅಂತ. ಕಳಿಸಿದವರು ನಾಲ್ಕು ದಿನ ಮೊದಲು ಅದೇ ಹಣ್ಣಿನವನ ಹತ್ತಿರ ಬಾಳೆಗೊನೆ ತೆಗೆದುಕೊಂಡವರು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಕೇಸ್ ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಅಂದಿತು. ಆ ತೀರ್ಪನ್ನು ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಹೆಂಗಸರಿಗೆ ಇದರಿಂದ ಲಾಭ ಆಯ್ತಾ, ನಷ್ಟ ಆಯ್ತಾ?

ನಷ್ಟದ ಪಟ್ಟಿ ಉದ್ದ. ಬೀಡಿ ಕಟ್ಟುವ ಮನೆಗಳಿಗೆ ಎಲೆ ಬರುವುದು ನಿಂತಿತು. ವಾರದ ಬೀಡಿ ದುಡ್ಡು ಅಂದರೆ ಆ ಮನೆಯ ಹೆಂಗಸಿನ ಕೈಯಲ್ಲಿ ಆಡುವ ಒಂದೇ ದುಡ್ಡು, ಅದಕ್ಕೆ ಗಂಡನನ್ನು ಕೇಳಬೇಕಾಗಿಲ್ಲ. ಅದು ಹೋಯಿತು. ಮಕ್ಕಳ ಆನ್‌ಲೈನ್ ಕ್ಲಾಸ್ ಅಂದರೆ ಅಮ್ಮನಿಗೆ ಇನ್ನೊಂದು ಡ್ಯೂಟಿ. ಸುಳ್ಯ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಕ್ಲಾಸ್ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ನೋಡಿತು. ಅದೇ ಹೊತ್ತಿಗೆ ಎಷ್ಟು ಮನೆಗಳಲ್ಲಿ ಇದ್ದ ಒಂದು ಫೋನ್ ಅಣ್ಣನಿಗೆ ಹೋಯಿತು ಅನ್ನುವುದಕ್ಕೆ ಫೋಟೋ ಇಲ್ಲ.

ಇನ್ನೊಂದು ಬದಿ ಆಶಾ ಕಾರ್ಯಕರ್ತೆಯರು. ಮನೆ ಮನೆಗೆ ಹೋಗಿ ಜ್ವರ ಕೇಳಿದ್ದು ಅವರು, ನಾಯಿ ಬಿಡಿಸಿಕೊಂಡದ್ದು ಅವರು, ಬೈಸಿಕೊಂಡದ್ದೂ ಅವರು. ಮೊದಲ ಸಲ ಊರಿನ ದೊಡ್ಡ ಮನೆಗಳ ಚಾವಡಿಯಲ್ಲಿ ನಿಂತು "ನೀವು ಹೊರಗೆ ಹೋಗುವಂತಿಲ್ಲ" ಅಂತ ಹೇಳುವ ಅಧಿಕಾರವೂ ಅವರಿಗೆ ಬಂತು. 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಬೇಕು ಅಂತ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ನಮ್ಮ ವಾರ್ಡಿನ ಆಶಾ ಅಕ್ಕನಿಗೆ ಶುಭಾಶಯ ಹೇಳಿದೆ. "ಪ್ರಶಸ್ತಿಯನ್ನು ರೇಷನ್ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರಾ ಸರ್?" ಅಂದರು.

## ವೋಟು, ಬೀದಿ, ಸರಕಾರ

ಅಷ್ಟೆಲ್ಲ ಕಷ್ಟ ಆದರೂ ನಮ್ಮ ಕಡೆ ವೋಟು ಯಾಕೆ ಬದಲಾಗಲಿಲ್ಲ?

ಲೆಕ್ಕ ನೋಡೋಣ. 2018ರ ವಿಧಾನಸಭೆ ಚುನಾವಣೆಯಲ್ಲಿ ದಕ್ಷಿಣ ಕನ್ನಡದ 8 ಸೀಟಿನಲ್ಲಿ 7, ಉಡುಪಿಯ 5ಕ್ಕೆ 5 ಬಿಜೆಪಿಗೆ. ಮಧ್ಯೆ ಇಡೀ ಕೊರೊನಾ. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದು ಸರಕಾರ ಬದಲಾಯಿತು. ಇಲ್ಲಿ? ದಕ್ಷಿಣ ಕನ್ನಡದಲ್ಲಿ ಬಿಜೆಪಿಗೆ 6, ಉಡುಪಿಯಲ್ಲಿ ಮತ್ತೆ 5ಕ್ಕೆ 5. ಎರಡು ಅಲೆ, ಲಾಕ್‌ಡೌನ್, ಹೋದ ಜೀವಗಳು, ಇಷ್ಟೆಲ್ಲದರ ನಂತರ ಎರಡು ಜಿಲ್ಲೆ ಸೇರಿ ಒಂದು ಸೀಟಿನ ವ್ಯತ್ಯಾಸ. ಅದೂ ಪುತ್ತೂರಿನಲ್ಲಿ, ಅಲ್ಲಿ ಬಿಜೆಪಿಯೊಳಗಿನ ಬಂಡಾಯವೇ ದೊಡ್ಡ ವಿಷಯ ಆಗಿತ್ತು.

ನನ್ನ ಅಭಿಪ್ರಾಯ ಇದು. ಇಲ್ಲಿ ವೋಟು ಹಾಕುವುದು ಸರಕಾರದ ಕೆಲಸಕ್ಕೆ ಮಾರ್ಕ್ಸ್ ಕೊಟ್ಟ ಹಾಗೆ ಅಲ್ಲ. ಅದು ನಾನು ಯಾರ ಪೈಕಿ ಅಂತ ಹೇಳುವ ರೀತಿ. ಅಂಥ ಕಡೆ ಕಷ್ಟ ಬಂದರೂ ಜನ ಪಕ್ಷ ಬಿಡುವುದಿಲ್ಲ, ಕಷ್ಟಕ್ಕೆ ಬೇರೆ ಕಾರಣ ಹುಡುಕುತ್ತಾರೆ. ಇನ್ನೂ ಒಂದು ಉಂಟು. ಕಿಟ್ ಹಂಚಿದ್ದು, ಶವ ಸುಟ್ಟದ್ದು, ಆಂಬುಲೆನ್ಸ್ ಓಡಿಸಿದ್ದು ಎಲ್ಲ ಸಂಘಟನೆಗಳ ಹುಡುಗರು. ಮೂರೂ ಧರ್ಮದ ಹುಡುಗರು ಇದ್ದರು, ಒಬ್ಬರ ಶವಕ್ಕೆ ಇನ್ನೊಬ್ಬರು ಹೆಗಲು ಕೊಟ್ಟದ್ದೂ ಉಂಟು. ಆದರೆ ಕಷ್ಟಕಾಲದಲ್ಲಿ ಬಂದವನು "ನಮ್ಮ" ಸಂಘಟನೆಯವನು ಅಂತ ಮನೆಯವರ ನೆನಪಿನಲ್ಲಿ ಉಳಿದರೆ, ಮೊದಲಿದ್ದ ನಿಷ್ಠೆಯೇ ಗಟ್ಟಿಯಾಗುತ್ತದೆ.

ಹೆದರಿಕೆ ಇದ್ದಾಗ ಜನ ಸರಕಾರದ ಹಿಂದೆ ನಿಲ್ಲುತ್ತಾರಂತೆ. ಹೌದಾ?

ಶುರುವಿನಲ್ಲಿ ಹೌದು. 2020ರ ಮಾರ್ಚ್ 22ರ ಸಂಜೆ 5ಕ್ಕೆ ತಟ್ಟೆ ಬಡಿದದ್ದು ಯಾವುದೋ ಒಂದು ಪಕ್ಷದವರು ಮಾತ್ರ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಅದೇ ಏಪ್ರಿಲ್‌ನಲ್ಲಿ ಮಾಸ್ಕು, ಗ್ಲೌಸು ಹಾಕಿ ಚುನಾವಣೆ ನಡೆಸಿದರು. ಮತದಾನ ಶೇ. 66 ದಾಟಿತು, ಆಳುವ ಪಕ್ಷ ಭರ್ಜರಿ ಗೆದ್ದಿತು. ನ್ಯೂಜಿಲೆಂಡಿನಲ್ಲಿ ಜೆಸಿಂಡಾ ಆರ್ಡರ್ನ್ ಅಕ್ಟೋಬರಿನಲ್ಲಿ 120ರಲ್ಲಿ 65 ಸೀಟು ಗೆದ್ದರು. ಪಕ್ಕದ ಕೇರಳದಲ್ಲಿ 2021ರಲ್ಲಿ ಎಡರಂಗ 140ರಲ್ಲಿ 99 ಗೆದ್ದು, ಒಂದು ಸಲ ಅವರು ಒಂದು ಸಲ ಇವರು ಅನ್ನುವ ನಾಲ್ಕು ದಶಕದ ಅಭ್ಯಾಸವನ್ನೇ ಮುರಿಯಿತು. ದಿನಾ ಸಂಜೆ ಮುಖ್ಯಮಂತ್ರಿ ಟಿವಿಯಲ್ಲಿ ಕೂತು ಲೆಕ್ಕ ಹೇಳುತ್ತಿದ್ದುದು, ಮನೆಗೆ ಬಂದ ಕಿಟ್, ಎರಡೂ ಸೇರಿ ಕೆಲಸ ಮಾಡಿದವು. ಆದರೆ 2020ರಲ್ಲಿ ಅಮೆರಿಕದಲ್ಲಿ ಟ್ರಂಪ್ ಸೋತರು.

ಈ ಬೆಂಬಲ ಮಾತ್ರ ಹಾಲಿನ ಹಾಗೆ, ಜಾಸ್ತಿ ಹೊತ್ತು ಇಟ್ಟರೆ ಒಡೆಯುತ್ತದೆ. 2021ರ ಮೇ ಶುರುವಿನಲ್ಲಿ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಹೋದಾಗ ತಟ್ಟೆಯ ನೆನಪು ಕಹಿಯಾಗಿತ್ತು. ಬ್ರಿಟನ್ನಿನ ಬೋರಿಸ್ ಜಾನ್ಸನ್ ಕುರ್ಚಿ ಅಲುಗಾಡಿಸಿದ್ದು ಸಾವಿನ ಸಂಖ್ಯೆಗಿಂತ ಹೆಚ್ಚಾಗಿ ಲಾಕ್‌ಡೌನಿನಲ್ಲಿ ಆಫೀಸಿನಲ್ಲಿ ನಡೆದ ಪಾರ್ಟಿಗಳು. ನಮಗೊಂದು ನಿಯಮ, ಅವರಿಗೊಂದು ಅನ್ನುವುದನ್ನು ಜನ ಕ್ಷಮಿಸುವುದಿಲ್ಲ.

ಲಾಕ್‌ಡೌನಿನಲ್ಲಿ ಪ್ರತಿಭಟನೆ ಮಾಡಲು ಬಿಡದೆ ಬೇಕಾದ ಕಾನೂನೆಲ್ಲ ಪಾಸ್ ಮಾಡಿಕೊಂಡರು ಅಂತಾರೆ. ನಿಜಾನಾ?

ಸುಮಾರು ನಿಜ. ಪೌರತ್ವ ಕಾಯ್ದೆಯ ಗಲಾಟೆ ನೆನಪಿಸಿಕೊಳ್ಳಿ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ದೇಶದ ತುಂಬ ಧರಣಿ ನಡೆಯುತ್ತಿತ್ತು. 2020ರ ಮಾರ್ಚ್ 24ರಂದು ದೆಹಲಿಯ ಶಾಹೀನ್‌ಬಾಗ್ ಖಾಲಿ ಮಾಡಿಸಿದರು, ಕಾರಣ ಕೊರೊನಾ.

ಆಮೇಲೆ ಜೂನ್‌ನಲ್ಲಿ ಕೃಷಿ ಸುಗ್ರೀವಾಜ್ಞೆಗಳು. ಕರ್ನಾಟಕದಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ. 1974ರ "ಉಳುವವನೇ ಹೊಲದೊಡೆಯ" ಕಾನೂನಿನಿಂದ ಅತಿ ಹೆಚ್ಚು ಲಾಭ ಆದ ಕಡೆಗಳಲ್ಲಿ ನಮ್ಮ ಅವಿಭಜಿತ ಜಿಲ್ಲೆಯೂ ಒಂದು. ನಮ್ಮ ಅಜ್ಜನೇ ಗೇಣಿದಾರ ಅಂತ ಡಿಕ್ಲರೇಶನ್ ಕೊಟ್ಟು ಗದ್ದೆ ಪಡೆದವರು. ಆದರೂ ಈ ತಿದ್ದುಪಡಿಯ ಬಗ್ಗೆ ಇಲ್ಲಿ ಅಂಥ ದೊಡ್ಡ ಸದ್ದೇ ಏಳಲಿಲ್ಲ. ಬೀದಿ ಖಾಲಿ ಇತ್ತು ಅನ್ನುವುದು ಒಂದು ಕಾರಣ, ಜಾಗಕ್ಕೆ ಒಳ್ಳೆ ರೇಟ್ ಬರುತ್ತದೆ ಅನ್ನುವುದು ಇನ್ನೊಂದು.

2020ರ ಏಪ್ರಿಲ್ 1 ಕೂಡ ಮರೆಯುವಂಥದ್ದಲ್ಲ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಎರಡೂ ಒಂದೇ ದಿನ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ತೀರ್ಮಾನ ಮೊದಲೇ ಆಗಿತ್ತು, ಕೊರೊನಾದ ತಪ್ಪೇನಲ್ಲ. ಆದರೆ ಪಿಗ್ಮಿ ಕಟ್ಟಿ ಬೆಳೆಸಿದ ಊರಿನವರಿಗೆ ಬೋರ್ಡ್ ಇಳಿಸುವುದನ್ನು ನಿಂತು ನೋಡುವುದಕ್ಕೂ ಆಗಲಿಲ್ಲ, ಎಲ್ಲರೂ ಮನೆಯೊಳಗಿದ್ದೆವು.

ಸುಮಾರು ನಿಜ ಅಂತ ಯಾಕೆ ಹೇಳಿದೆ ಅಂದರೆ, ಬೀದಿ ಪೂರ್ತಿ ಸುಮ್ಮನೇನೂ ಆಗಲಿಲ್ಲ. ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ಕೆಲಸ ಅಂತ ರಾಜ್ಯ ಸರಕಾರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶವನ್ನು, ಹೈಕೋರ್ಟಿನಲ್ಲಿ ಪ್ರಶ್ನೆ ಬಂದ ಮೇಲೆ ಜೂನ್‌ನಲ್ಲೇ ವಾಪಸ್ ತೆಗೆದುಕೊಂಡಿತು. ದೆಹಲಿ ಗಡಿಯ ರೈತರು ಎರಡನೇ ಅಲೆಯಲ್ಲೂ ಧರಣಿ ಬಿಟ್ಟು ಏಳಲಿಲ್ಲ, 2021ರ ಕೊನೆಗೆ ಆ ಕೃಷಿ ಕಾನೂನೇ ರದ್ದಾಯಿತು.

ಜಿಲ್ಲಾ ಪಂಚಾಯತ್ ಚುನಾವಣೆ ಕೊರೊನಾದಿಂದ ನಿಂತದ್ದು ಆಮೇಲೂ ವರ್ಷಗಟ್ಟಲೆ ಆಗಲಿಲ್ಲ ಯಾಕೆ?

ಗ್ರಾಮ ಪಂಚಾಯತ್ ಚುನಾವಣೆ ತಡವಾದರೂ 2020ರ ಡಿಸೆಂಬರ್ 22 ಮತ್ತು 27ರಂದು ನಡೆಯಿತು. ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು, ಎರಡನೇ ಅಲೆ ಇತ್ತು, ಮುಂದೆ ಹೋಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆಯಿತು. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದರದ್ದು ಬಂದರೂ ಯಾರಿಗೂ ಅರ್ಜೆಂಟ್ ಇರಲಿಲ್ಲ. ಸದಸ್ಯರಿಲ್ಲದಿದ್ದರೆ ಅನುದಾನ ಹಂಚುವಾಗ ಶಾಸಕರ ಮಾತೇ ನಡೆಯುತ್ತದೆ ಅಲ್ವಾ.

ಫ್ರೀ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದ್ದೇ ಕೊರೊನಾ ಅಂತ ನಮ್ಮ ಮಾವ ಹೇಳ್ತಾರೆ.

ಮಾವನಿಗೆ ಹೇಳಿ, ಕರ್ನಾಟಕದಲ್ಲಿ ಅನ್ನಭಾಗ್ಯ ಬಂದದ್ದು 2013ರಲ್ಲಿ. ಕೊರೊನಾ ಮಾಡಿದ್ದು ಏನೆಂದರೆ, 2020ರ ಏಪ್ರಿಲ್‌ನಿಂದ ಕೇಂದ್ರ ಸರಕಾರ ಸುಮಾರು 80 ಕೋಟಿ ಜನರಿಗೆ ತಲೆಗೆ 5 ಕಿಲೋ ಹೆಚ್ಚುವರಿ ಧಾನ್ಯ ಬಿಟ್ಟಿ ಕೊಟ್ಟಿತು. ಮೂರು ತಿಂಗಳಿಗೆ ಅಂತ ಶುರುವಾದದ್ದು 2022ರ ಕೊನೆವರೆಗೆ ಹೋಯಿತು, ಆಮೇಲೆ ರೇಷನ್ನಿನ ಧಾನ್ಯವನ್ನೇ ಬಿಟ್ಟಿ ಮಾಡಿದರು. ಒಮ್ಮೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. 2023ರಲ್ಲಿ ಗ್ಯಾರಂಟಿಗಳು ಚುನಾವಣೆಯ ಮುಖ್ಯ ಮಾತಾದದ್ದಕ್ಕೆ ಇದೂ ದಾರಿ ಮಾಡಿತ್ತು. ಸೋಮಾರಿತನದ ಬಗ್ಗೆ ನನಗೆ ಮಾವನಷ್ಟು ಗೊತ್ತಿಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

ಯುರೋಪಿನಲ್ಲಿ ಪ್ಲೇಗ್ ಬಂದು ಕೂಲಿಯವರಿಗೆ ಒಳ್ಳೆಯದಾಯಿತು ಅಂತ ಓದಿದೆ. ನಮ್ಮಲ್ಲಿ ಕೊರೊನಾದಿಂದ ಹಾಗೆ ಯಾಕೆ ಆಗಲಿಲ್ಲ?

1347ರಿಂದ ನಾಲ್ಕೈದು ವರ್ಷದಲ್ಲಿ ಯುರೋಪಿನ ಮೂರರಲ್ಲಿ ಒಂದು ಪಾಲು, ಕೆಲವರ ಲೆಕ್ಕದಲ್ಲಿ ಅರ್ಧದಷ್ಟು ಜನ ಸತ್ತರು. ದುಡಿಯುವ ಕೈ ಕಮ್ಮಿಯಾಯಿತು, ಕೂಲಿ ಏರಿತು. ಇಂಗ್ಲೆಂಡಿನ ಜಮೀನ್ದಾರರು ಸುಮ್ಮನೆ ಕೂರಲಿಲ್ಲ. 1351ರಲ್ಲಿ ಕಾನೂನು ತಂದು, ಪ್ಲೇಗಿಗೆ ಮೊದಲಿದ್ದ ಕೂಲಿಗಿಂತ ಜಾಸ್ತಿ ಕೇಳುವಂತಿಲ್ಲ ಅಂದರು. ಸಿಟ್ಟು ಒಳಗೆ ಕುದಿಯುತ್ತ, ತಲೆಗಂದಾಯವೂ ಸೇರಿ, 1381ರಲ್ಲಿ ರೈತರು ದಂಗೆ ಎದ್ದರು. ದಂಗೆ ಸೋತಿತು, ಆದರೆ ಜೀತದ ಪದ್ಧತಿ ಕ್ರಮೇಣ ಸಡಿಲವಾಯಿತು.

ಪೂರ್ವ ಯುರೋಪಿನಲ್ಲಿ ಮುಂದಿನ ಶತಮಾನಗಳಲ್ಲಿ ಉಲ್ಟಾ ಆಯಿತು. ಅಲ್ಲೂ ಕೈ ಕಮ್ಮಿ ಇತ್ತು. ಆದರೆ ಅಲ್ಲಿ ದೊರೆಗಳ ಹಿಡಿತ ಜೋರು, ಪೇಟೆಗಳು ಸಣ್ಣವು, ಓಡಿ ಹೋಗಲು ಜಾಗ ಇಲ್ಲ. ರೈತರನ್ನು ನೆಲಕ್ಕೆ ಇನ್ನೂ ಬಿಗಿಯಾಗಿ ಕಟ್ಟಿದರು. ಹಾಗಾಗಿ ಪ್ಲೇಗಿನಿಂದ ಕೂಲಿಯವರಿಗೆ ಒಳ್ಳೆಯದಾಯಿತು ಅಂತ ಒಂದೇ ಉಸಿರಿಗೆ ಹೇಳಬಾರದು.

ಕೊರೊನಾದಲ್ಲಿ ಹೆಚ್ಚು ಸತ್ತದ್ದು ವಯಸ್ಸಾದವರು. ದುಡಿಯುವವರು ಸತ್ತು ಕೊರತೆ ಆಗಲಿಲ್ಲ, ಊರಿಗೆ ಹೋಗಿ ಆಯಿತು. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟಿಗೆ ಒಡಿಶಾ, ಆಂಧ್ರ, ತಮಿಳುನಾಡಿನವರು ಬೇಕು. ಅವರು ವಾಪಸ್ ಬರುವವರೆಗೆ ಬೋಟ್ ಮಾಲಕರು ಬಸ್ ಮಾಡಿ ಕರೆತರಿಸುವಷ್ಟು ಪರದಾಡಿದರು. ಆ ಎರಡು ತಿಂಗಳು ಕೂಲಿಯವರ ಕೈ ಮೇಲಿತ್ತು. ಆದರೆ ಅವರಿಗೆ ಇಲ್ಲಿ ವೋಟಿಲ್ಲ, ಯೂನಿಯನ್ ಇಲ್ಲ, ರೇಷನ್ ಕಾರ್ಡ್ ಇಲ್ಲ. ಎರಡು ತಿಂಗಳ ಬಲವನ್ನು ಕಾಯಂ ಮಾಡಿಕೊಳ್ಳಲು ಏನಾದರೂ ಹಿಡಿಕೆ ಬೇಕಲ್ಲ, ಅದೇ ಇರಲಿಲ್ಲ.

ತುರ್ತು ಕಾನೂನುಗಳು ರೋಗ ಹೋದ ಮೇಲೂ ಉಳಿದುಬಿಡುತ್ತವಾ?

ಉಳಿಯುತ್ತವೆ, 123 ವರ್ಷ ಉಳಿದ ಉದಾಹರಣೆಯೇ ಉಂಟು. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. ನಾಲ್ಕೇ ಕಲಮು. ಸರಕಾರ ಬೇಕಾದ ಆದೇಶ ಹೊರಡಿಸಬಹುದು, ಮೀರಿದವರಿಗೆ ಶಿಕ್ಷೆ, ಆದೇಶ ಜಾರಿ ಮಾಡಿದ ಅಧಿಕಾರಿಯ ಮೇಲೆ ಕೇಸ್ ಹಾಕುವಂತಿಲ್ಲ. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ದೇವರ ಕೋಣೆಯನ್ನೂ ಬಿಡಲಿಲ್ಲ. ಪ್ಲೇಗ್ ಕಮಿಷನರ್ ರ‍್ಯಾಂಡ್‌ಗೆ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಗುಂಡು ಹೊಡೆದರು. ಪತ್ರಿಕೆಯ ಬರಹಕ್ಕಾಗಿ ತಿಲಕರ ಮೇಲೆ ರಾಜದ್ರೋಹದ ಕೇಸ್ ಬಿದ್ದು ಜೈಲಾಯಿತು. ಅವರು ದೇಶಕ್ಕೆಲ್ಲ ನಾಯಕರಾಗಲು ಆ ಜೈಲೂ ಒಂದು ಕಾರಣ.

2020ರಲ್ಲಿ ನಮ್ಮ ಮೇಲೆ ಬಳಸಿದ್ದು ಅದೇ ಕಾಯ್ದೆ, ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಕಾಯ್ದೆ ಅಲ್ಲೇ ಇತ್ತು. 2020ರಲ್ಲಿ ಮಾಡಿದ ತಿದ್ದುಪಡಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ 7 ವರ್ಷದವರೆಗೆ ಶಿಕ್ಷೆ ಅನ್ನುತ್ತದೆ, ಒಳ್ಳೆಯದೇ. ಮನೆಯಲ್ಲಿ ಕೂಡಿಹಾಕಿದವನ ಹಕ್ಕೇನು ಅನ್ನುವುದರ ಬಗ್ಗೆ ಒಂದು ಸಾಲೂ ಸೇರಲಿಲ್ಲ.

ರೋಗದಿಂದ ಊರು ಸುಧಾರಿಸಿದ್ದು ಎಲ್ಲಾದರೂ ಉಂಟಾ?

ಉಂಟು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಹಬ್ಬಿ ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಮರು ವರ್ಷ ಕಮಿಷನರಾಗಿ ಬಂದ ಎಸ್.ಆರ್. ರಾವ್ ಕಸ, ಚರಂಡಿ, ಒತ್ತುವರಿ ಹಿಡಿದು ಕೆಲಸ ಮಾಡಿಸಿದರು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಸೂರತ್ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿ ಬೆಳೆದವು. ಪ್ಲೇಗಮ್ಮನ ಗುಡಿಗಳೂ ಬೆಳೆದವು.

ಸತ್ತವರ ಲೆಕ್ಕದಲ್ಲಿ ಯಾಕೆ ಅಷ್ಟು ಜಗಳ?

2020 ಮತ್ತು 2021, ಎರಡು ವರ್ಷಕ್ಕೆ ಸರಕಾರದ ಲೆಕ್ಕ ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 47 ಲಕ್ಷ, ಅದರಲ್ಲಿ ಕೊರೊನಾದಿಂದ ನೇರ ಸತ್ತವರೂ, ಆ ಕಾಲದಲ್ಲಿ ಬೇರೆ ಚಿಕಿತ್ಸೆ ಸಿಗದೆ ಸತ್ತವರೂ ಸೇರಿದ್ದಾರೆ. ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಅಂತ ಭಾರತ ಸರಕಾರ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ಕೇಸಿನ ನಂತರ ಪ್ರತಿ ಸಾವಿಗೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು, ಆಗ ಸರ್ಟಿಫಿಕೇಟಿನಲ್ಲಿ ಏನು ಬರೆದಿದೆ ಅನ್ನುವುದು ದುಡ್ಡಿನ ಪ್ರಶ್ನೆಯೂ ಆಯಿತು. ನನ್ನ ಸೋದರತ್ತೆಯ ಸರ್ಟಿಫಿಕೇಟಿನಲ್ಲಿ ಹೃದಯಾಘಾತ ಅಂತ ಉಂಟು. ಪಾಸಿಟಿವ್ ರಿಪೋರ್ಟ್ ಮನೆಯ ಕಪಾಟಿನಲ್ಲಿ ಉಂಟು. ಮಾವ ಒಂದು ಕಚೇರಿಗೆ ನಾಲ್ಕು ಸಲ ಅಲೆದು, ಐದನೇ ಸಲ ಹೋಗಲಿಲ್ಲ.

ರೋಗದಿಂದಲೇ ಹೀಗಾಯಿತು ಅಂತ ಖಚಿತವಾಗಿ ಹೇಳುವುದು ಹೇಗೆ ಸರ್?

ಎಂ.ಎ. ಮಕ್ಕಳ ಪ್ರಶ್ನೆ ಇದು. ಉತ್ತರ, ಬಹಳ ಕಷ್ಟ. ಜರ್ಮನಿಯ ಬಗ್ಗೆ ಒಂದು ಅಧ್ಯಯನ ಬಂದಿದೆ. 1918ರ ಜ್ವರದಲ್ಲಿ ಹೆಚ್ಚು ಜನ ಸತ್ತ ಊರುಗಳಲ್ಲಿ ಮುಂದಿನ ಹತ್ತು ವರ್ಷ ನಗರಸಭೆಗಳ ಖರ್ಚು ಕಮ್ಮಿ, 1930ರ ದಶಕದ ಶುರುವಿನಲ್ಲಿ ತೀವ್ರ ಬಲಪಂಥೀಯರಿಗೆ ಬಿದ್ದ ವೋಟು ಜಾಸ್ತಿ ಅಂತ. ಓದಿದ ಕೂಡಲೇ ಮೈ ಜುಂ ಅನ್ನುತ್ತದೆ. ಆದರೆ ಅದೇ ಊರುಗಳು ಯುದ್ಧ ಸೋತಿದ್ದವು, ನೋಟಿನ ಬೆಲೆ ಕಳೆದುಕೊಂಡಿದ್ದವು, ನಿರುದ್ಯೋಗ ಕಂಡಿದ್ದವು. ಇದರಲ್ಲಿ ಜ್ವರದ ಪಾಲೆಷ್ಟು ಅಂತ ಬಿಡಿಸುವುದು ಸಾಂಬಾರಿನಿಂದ ಉಪ್ಪು ತೆಗೆದ ಹಾಗೆ. ನಮ್ಮಲ್ಲೂ ಅಷ್ಟೇ, 2023ರ ಫಲಿತಾಂಶದಲ್ಲಿ ಬೆಲೆ ಏರಿಕೆ, ಕಮಿಷನ್ ಆರೋಪ, ಗ್ಯಾರಂಟಿ ಎಲ್ಲ ಇತ್ತು. ಪ್ರಾಜೆಕ್ಟ್ ಬರೆಯುವವರು ಇಡೀ ಜಿಲ್ಲೆಯ ಬದಲು ಒಂದು ಗ್ರಾಮ ಹಿಡಿಯಿರಿ, ಐವತ್ತು ಮನೆಗೆ ಹೋಗಿ, ಮೊದಲು ಏನಿತ್ತು ಅಂತ ಕೇಳಿ. ಚಹಾ ಕೊಟ್ಟರೆ ಕುಡಿಯಿರಿ.

ನಿಮ್ಮ ಊರಲ್ಲಿ ಕೊರೊನಾದ ಗುರುತು ಈಗ ಏನಾದರೂ ಉಳಿದಿದೆಯಾ?

ಪಂಚಾಯತ್ ಗೇಟಿನ ಹತ್ತಿರ ಕೈ ತೊಳೆಯಲು ಇಟ್ಟ ಟ್ಯಾಂಕ್ ಉಂಟು. ನಲ್ಲಿ ಇಲ್ಲ, ಒಳಗೆ ಹಲ್ಲಿ ಸಂಸಾರ ಮಾಡಿದೆ. ಸೊಸೈಟಿ ಮುಂದಿನ ಸಿಮೆಂಟಿನ ಮೇಲೆ ಹಳದಿ ಬಣ್ಣದ ವೃತ್ತಗಳು ಮಾಸಿದರೂ ಕಾಣುತ್ತವೆ. ಅಕ್ಕಿ ಬರುವ ದಿನ ಜನ ಈಗಲೂ ಬೆಳಗ್ಗೆ ಬಂದು ಅದೇ ವೃತ್ತಗಳಲ್ಲಿ ಚೀಲ, ಕೊಡೆ, ಒಂಟಿ ಚಪ್ಪಲಿ ಇಟ್ಟು ನೆರಳಿಗೆ ಹೋಗಿ ಕೂರುತ್ತಾರೆ.

ಇನ್ನೊಂದು, ಮೀನು ತರುವ ಅಕ್ಕನ ಬಕೆಟಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಕ್ಯೂಆರ್ ಕೋಡ್. ಲಾಕ್‌ಡೌನಿನಲ್ಲಿ ಯಾರೂ ನೋಟು ಮುಟ್ಟುವುದಿಲ್ಲ ಅಂದಾಗ ಮಗ ಅಂಟಿಸಿ ಕೊಟ್ಟದ್ದು. ಮೊನ್ನೆ ಬಂಗುಡೆ ತೆಗೆದುಕೊಂಡು ಸ್ಕ್ಯಾನ್ ಮಾಡಲು ಹೋದೆ. ದುಡ್ಡು ಮಗನ ಅಕೌಂಟಿಗೆ ಹೋಗುತ್ತದೆ, ಕ್ಯಾಶ್ ಇದ್ದರೆ ಕೊಡಿ ಅಂದರು.